ಕಾಲ್ನಡಿಗೆಯೂ ನಗರಜೀವನವೂ

ಮುಂಬಯಿಯ ಸಂಚಾರವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ಲೋಕಲ್ ಗಾಡಿಗಳು, ಬಸ್ಸುಗಳು, ಮೋಟಾರುಗಳು. ದುಡಿಮೆಗೆ ನಡೆದೇ ಹೋಗುವವರನ್ನು ನಾವು ಗಣನೆಗೆ ತರುವುದಿಲ್ಲ. ಬೇಸಾಯ ಮತ್ತು ಗೃಹಕೈಗಾರಿಕೆಗಳಲ್ಲಿ ತೊಡಗಿದವರನ್ನುಳಿದು ಇತರ ದುಡಿಮೆಗಾರರು ಕೆಲಸಕ್ಕೆ ಹೇಗೆ ಹೋಗುವರೆಂದು 2011ರ ಜನಗಣತಿಯಲ್ಲಿ ವಿಚಾರಿಸಲಾಯಿತು. ದೇಶದಲ್ಲಿ ಅಂಥವರ ಪೈಕಿ ನೂರಕ್ಕೆ ಸುಮಾರು 23 ಮಂದಿ ನಡೆದು ಹೋಗುತ್ತಿದ್ದರು. ಕಾರುಗಳಲ್ಲಿ ಹೋಗುವವರು ಮೂವರನ್ನು ಮೀರಿರಲಿಲ್ಲ.

ಸಾಮಾನ್ಯ ಮನುಷ್ಯನು ಗಂಟೆಗೆ ಸುಮಾರು 5 ಕಿಲೋಮೀಟರು ನಡೆಯಬಲ್ಲನು. ಆದುದರಿಂದ ಮನೆಯು ಕೆಲಸದ ಸ್ಥಳಕ್ಕೆ ಹತ್ತಿರವಿದ್ದರೆ ಮಾತ್ರ ನಡಿಗೆ ಸಾಧ್ಯ. ಹಿಂದೆ ಪರೇಲ, ಲಾಲ್‌ಬಾಗ್‌ಗಳಲ್ಲಿ ಬಟ್ಟೆಗಿರಣಿಗಳ ಸುತ್ತಲೇ ಚಾಳುಗಳಿದ್ದವು. ಭೋಂಗಾ ಕೂಗಿದೊಡನೆ ಕಾರ್ಮಿಕರು ನಡೆದೇ ಪಾಳಿಗೆ ಸೇರುತ್ತಿದ್ದರು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಕಚೇರಿಗಳೂ ಎತ್ತರದ ಕಟ್ಟಡಗಳೂ ಎದ್ದವು. ಅಲ್ಲಿ ದುಡಿಯುವ ಅನೇಕರ ಮನೆಗಳು ಇಂದು ದೂರದ ಕಲ್ಯಾಣ, ವಿರಾರಗಳಲ್ಲಿವೆ.

ಹಾಗೆಂದು ನಡಿಗೆ ತಪ್ಪಿತೆ? ಗಾಡಿಯಿಂದಿಳಿದವನು ಕಚೇರಿಯವರೆಗೆ ನಡೆಯಲೇಬೇಕಷ್ಟೆ. ರೈಲಿನ ಪ್ರಯಾಣಿಕನೂ ಮೊದಲಲ್ಲಿ ಮತ್ತು ಕೊನೆಯಲ್ಲಿ ಪಾದಚಾರಿಯೇ. ಗಿರಣಿಗಳ ನೆಲದಲ್ಲಿ ಕಚೇರಿಗಳು ಬೆಳೆದ ವೇಗದಲ್ಲಿ ನಡೆಯುವ ದಾರಿ ಬೆಳೆಯಲಿಲ್ಲ. 2017ರ ಸಪ್ಟೆಂಬರ 29ರ ಬೆಳಿಗ್ಗೆ, ಇಂದು ಪ್ರಭಾದೇವಿಯೆನಿಸಿಕೊಂಡಿರುವ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಸೇತುವೆಯ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 23 ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಸೇನೆಯವರು ಕಟ್ಟಿದ ಹೊಸ ಸೇತುವೆ 2018ರ ಫೆಬ್ರವರಿಯಲ್ಲಿ ತೆರೆಯಿತು. ದಾರಿಯ ಅಗಲವು ಜೀವದ ಪ್ರಶ್ನೆಯೆಂಬುದನ್ನು ನಾವು ಇದರಿಂದ ಅರಿಯಬೇಕು.

ಫುಟ್‌ಪಾತಿನ ವಿಷಯದಲ್ಲಿ ನಿಯಮಗಳಿಲ್ಲವೆಂದಲ್ಲ. ತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರು ಅಗಲ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲಿ ಸೂಚಿಸಿತು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಿಹೋಗಲು ಇಷ್ಟಾದರೂ ಬೇಕು. ಸುರಕ್ಷಿತ ಫುಟ್‌ಪಾತು ಪಾದಚಾರಿಗಳ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆಯೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು.

ವಿದ್ಯಾರ್ಥಿಮಿತ್ರರೇ, ಶಾಲೆಗೆ ನಡೆದು ಬರುವ ನಾವೂ ಈ ಹಕ್ಕಿನ ಪಾಲುದಾರರು. ಒಂದು ಟೇಪು ಹಿಡಿದು ನಮ್ಮ ಶಾಲೆಯ ಮುಂದಣ ಫುಟ್‌ಪಾತನ್ನು ಅಳೆಯೋಣ. ನಿಲ್ಲಿಸಿದ ಸ್ಕೂಟರು, ಮುರಿದ ಚಪ್ಪಡಿ, ರಾಶಿ ಹಾಕಿದ ಮರಳು ಇವೆಲ್ಲವನ್ನು ಕಳೆದು ಉಳಿಯುವ ಅಗಲವೆಷ್ಟೆಂದು ಬರೆದಿಡೋಣ. 1.8 ಮೀಟರಿಗೆ ಕಡಿಮೆಯಾದರೆ ಗುರುಗಳ ನೆರವಿನಿಂದ ನಗರಪಾಲಿಕೆಯ ವಾರ್ಡು ಕಚೇರಿಗೆ ಅರ್ಜಿ ಕಳುಹಿಸೋಣ. ಪೌರಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೊಂದಿರಲಾರದು.