ಸಂಕ್ರಾಂತಿಗೆ ಮಾತ್ರ ಒಪ್ಪುವ ಕಪ್ಪು

ಮದುವೆಗೆ, ಪೂಜೆಗೆ ಕಪ್ಪು ಸೀರೆ ಬೇಡವೆನ್ನುವ ಪುಣೆಯ ಮನೆಗಳೇ ಜನವರಿಯಲ್ಲಿ ಕಪ್ಪನ್ನು ಹುಡುಕಿಕೊಂಡು ಲಕ್ಷ್ಮಿ ರಸ್ತೆಗೆ ಹೋಗುತ್ತವೆ. ಹೊಸ ಸೊಸೆ ಮೊದಲ ಸಂಕ್ರಾಂತಿಗೆ ಕಪ್ಪು ಒಡಲಿನ ಚಂದ್ರಕಳಾ ಸೀರೆ ಉಟ್ಟು, ಸಕ್ಕರೆ ಕುಸುರೆಳ್ಳಿನ ಬಿಳಿ ಒಡವೆ ತೊಡುತ್ತಾಳೆ. ನಮ್ಮ ಹಳೆ ಮೈಸೂರಿನ ಕಡೆ ಮಕ್ಕಳಿಗೆ ಎಲಚಿಹಣ್ಣು ಎರೆಯುವಂತೆ ಅಲ್ಲಿ ‘ಬೋರನ್ಹಾಣ’ ನಡೆಯುತ್ತದೆ. ಆಗ ಮಗುವಿನ ಮೈಮೇಲಿರುವುದೂ ಕಪ್ಪು ಬಟ್ಟೆಯೇ. ಅಶುಭವೆಂದು ದೂರವಿಟ್ಟ ಬಣ್ಣವನ್ನು ಸೊಸೆಗೂ ಕೂಸಿಗೂ ತೊಡಿಸುವುದೆಂದರೆ, ಬಣ್ಣದ ಅರ್ಥ ಬಣ್ಣದೊಳಗಿಲ್ಲ. ಯಾರು, ಯಾವಾಗ, ಯಾವುದರ ಜೊತೆಗೆ ಉಡುತ್ತಾರೆ ಎಂಬುದರಲ್ಲಿದೆ.

ಇದಕ್ಕೆ ಚಳಿಯೇ ಕಾರಣ, ಕಪ್ಪು ಬಿಸಿಲಿನ ಕಾವನ್ನು ಹೀರಿಕೊಳ್ಳುತ್ತದೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ, ಆದರೆ ಸಾಲದು. ಪುಣೆಯ ಚಳಿ ಡಿಸೆಂಬರಿನಲ್ಲೂ ಇರುತ್ತದೆ. ಆ ತಿಂಗಳ ಮದುವೆಗಳಲ್ಲಿ ವಧುವಿಗೆ ಯಾರೂ ಕಪ್ಪು ಉಡಿಸುವುದಿಲ್ಲ. ಸೊಸೆ ಮತ್ತು ಕೂಸು ಇಬ್ಬರೂ ದೃಷ್ಟಿಗೆ ಬೇಗ ಈಡಾಗುವವರೆಂಬ ನಂಬಿಕೆಯನ್ನು ಲೆಕ್ಕಕ್ಕೆ ತಂದರೆ ಮಾತ್ರ ಆಯ್ಕೆ ಅರ್ಥವಾಗುತ್ತದೆ. ಕೆನ್ನೆಯ ಕಾಡಿಗೆ ಬೊಟ್ಟು, ತಾಳಿಯ ಕರಿಮಣಿ ಮಾಡುವ ಕೆಲಸವನ್ನೇ ಈ ಬಟ್ಟೆಯೂ ಮಾಡುತ್ತದೆ. ಕಪ್ಪನ್ನು ಒಂಟಿಯಾಗಿ ಬಿಡುವುದೂ ಇಲ್ಲ. ಪುಣೆಯವರು ‘ಇರಕಲ್’ ಎನ್ನುವ ನಮ್ಮ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆದ್ದರಿಂದಲೇ ಒಡಲು ಕಪ್ಪಾದರೂ ಟೋಪ್ ತೆನಿ ಸೆರಗು ಕೆಂಪಾಗಿಯೇ ಉಳಿಯುತ್ತದೆ. ಕೊರಿಯಾದ ಹನ್‌ಬೋಕ್ ಉಡುಪಿನಲ್ಲೂ ತರ್ಕ ಇಂಥದ್ದೇ: ಐದು ಬಣ್ಣ ಐದು ದಿಕ್ಕಿನವು, ಮಗುವಿನ ಮೊದಲ ಹುಟ್ಟುಹಬ್ಬದ ಪಟ್ಟೆಪಟ್ಟೆ ತೋಳು ಕೇಡನ್ನು ತಡೆಯುವಂಥದ್ದು, ಬಿಳಿ ಮಾತ್ರ ದಿನನಿತ್ಯದ ಉಡುಗೆಯೂ ಹೌದು, ಸೂತಕದ ಉಡುಗೆಯೂ ಹೌದು.

ಈಗ ಇದೆಲ್ಲ ಬರೀ ಫ್ಯಾಷನ್, ನವರಾತ್ರಿಯ ಒಂಬತ್ತು ಬಣ್ಣಗಳ ಪಟ್ಟಿಯನ್ನು ಮರಾಠಿ ಪತ್ರಿಕೆಗಳೇ ಜನಪ್ರಿಯಗೊಳಿಸಲಿಲ್ಲವೇ ಎಂಬ ಆಕ್ಷೇಪವೂ ಇದೆ. ನಿಜ, ಆ ರೂಢಿ ಈ ಶತಮಾನದ್ದು. ಆದರೂ ಕಚೇರಿ, ಲೋಕಲ್ ರೈಲುಗಳ ತುಂಬ ಹೆಂಗಸರು ಒಂದೇ ದಿನ ಒಂದೇ ಬಣ್ಣ ಉಡುತ್ತಾರೆಂದರೆ, ಹತ್ತು ಜನ ಒಪ್ಪಿದ ಹೊತ್ತು ಬಣ್ಣಕ್ಕೆ ಅರ್ಥ ಕೊಡುತ್ತದೆಂಬ ಮಾತಿಗೆ ಅದು ಪುರಾವೆಯೇ ಹೊರತು ವಿರೋಧವಲ್ಲ. ಹಳೆಯ ರೂಢಿಗೂ ಹೊಸದಕ್ಕೂ ಇರುವ ಅಂತರ ವಯಸ್ಸಿನದಷ್ಟೇ ಅಲ್ಲ. ಪಟ್ಟಿಯ ಬಣ್ಣ ಎಲ್ಲರಿಗೂ ಒಂದೇ. ಚಂದ್ರಕಳೆಯ ಕಪ್ಪಿಗೆ ಮಾತ್ರ ಉಟ್ಟವಳು ಈ ಮನೆಗೆ ಹೊಸಬಳು, ಅವಳನ್ನು ಕಾಯಬೇಕು ಎಂದು ಹೇಳಲು ಬರುತ್ತದೆ.