ಡಿಸ್ಕ್ ಕೋಟಾ: ಪುಸ್ತಕದ ಲೆಕ್ಕ ತಪ್ಪಿದರೆ ಮೂಟೆ ಎಣಿಸಬೇಕು

ವಿಜಯಪುರ ಜಿಲ್ಲೆಯ ಹಲಸಂಗಿ ಎಂದೊಡನೆ ನೆನಪಾಗುವವರು ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ‘ಹಲಸಂಗಿ ಗೆಳೆಯರು’. ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದವರು ಇವರು. ಆಗ ಬೇಕಿದ್ದುದು ಕಾಗದ ಮತ್ತು ಮಸಿ; ಈಗ ಅದೇ ಕೆಲಸಕ್ಕೆ ಹೊರಟವರಿಗೆ ಡಿಸ್ಕಿನಲ್ಲಿ ಜಾಗವೂ ಬೇಕು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹಲಸಂಗಿಯಲ್ಲಿ ಅಜ್ಜಿಯೊಬ್ಬರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡು ಬಂದ ವಿದ್ಯಾರ್ಥಿನಿ, ಆ ಕಡತಗಳನ್ನು ವಿಶ್ವವಿದ್ಯಾಲಯದ ಸರ್ವರಿಗೆ ಏರಿಸಲು ಹೊರಡುತ್ತಾಳೆ. ‘ಡಿಸ್ಕ್ ಕೋಟಾ ಮೀರಿದೆ’ ಎಂದು ಯಂತ್ರ ನಿರಾಕರಿಸುತ್ತದೆ. ಆದರೆ ಆಕೆಯ ಕಡತಗಳನ್ನೆಲ್ಲ ಕೂಡಿದರೂ ಮಿತಿಯ ಅರ್ಧದಷ್ಟಾಗುವುದಿಲ್ಲ. ಹಾಗಿದ್ದರೆ ತಪ್ಪು ಎಲ್ಲಿದೆ?

ಹಲವರು ಹಂಚಿಕೊಳ್ಳುವ ಗಣಕದಲ್ಲಿ ಒಬ್ಬರೇ ಡಿಸ್ಕನ್ನೆಲ್ಲ ಆಕ್ರಮಿಸದಂತೆ ತಡೆಯುವ ವ್ಯವಸ್ಥೆಯೇ ಕೋಟಾ. ಬರ್ಕ್ಲಿ ಯುನಿಕ್ಸಿಗೆ ಇದನ್ನು ರೂಪಿಸಿದವರು ಆಸ್ಟ್ರೇಲಿಯಾದ ಮೆಲ್ಬೋರ್ನ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್ಜ್. 1983ರ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಅದು ಸೇರ್ಪಡೆಯಾಯಿತು. ಪ್ರತಿ ಬಳಕೆದಾರನಿಗೂ ಎರಡು ಮಿತಿಗಳಿರುತ್ತವೆ. ಮೃದು ಮಿತಿಯನ್ನು ದಾಟಿದರೆ ಸಾಮಾನ್ಯವಾಗಿ 7 ದಿನಗಳ ಗಡುವು ದೊರೆಯುತ್ತದೆ. ಕಠಿಣ ಮಿತಿಯನ್ನು ದಾಟಲು ಅವಕಾಶವೇ ಇಲ್ಲ. ಬಳಸಿದ ಜಾಗ ಮತ್ತು ಕಡತಗಳ ಸಂಖ್ಯೆ ಎರಡಕ್ಕೂ ಪ್ರತ್ಯೇಕ ಲೆಕ್ಕವಿರುತ್ತದೆ.

ಹಳೆಯ ವಿಧಾನದಲ್ಲಿ ಈ ಲೆಕ್ಕವನ್ನು ಕಡತ ವ್ಯವಸ್ಥೆಯಲ್ಲೇ ಇರುವ ಪ್ರತ್ಯೇಕ ಕಡತವೊಂದರಲ್ಲಿ ಬರೆದಿಡಲಾಗುತ್ತದೆ. ನ್ಯಾಯಬೆಲೆ ಅಂಗಡಿಯ ದಾಸ್ತಾನು ಪುಸ್ತಕದಂತೆ ಇದು. ಅಕ್ಕಿ ಇರುವುದು ಮೂಟೆಯಲ್ಲಿ, ಪುಸ್ತಕದಲ್ಲಿರುವುದು ಅದರ ಲೆಕ್ಕ ಮಾತ್ರ. ಕಡತ ಬರೆದಾಗ ಅಥವಾ ಅಳಿಸಿದಾಗ ಬದಲಾದ ಅಂಕಿ ಮೊದಲು ಸ್ಮೃತಿಯಲ್ಲಿದ್ದು, ಅನಂತರ ಡಿಸ್ಕಿಗೆ ಇಳಿಯುತ್ತದೆ. ಈ ನಡುವೆ ವಿದ್ಯುತ್ ಕೈಕೊಟ್ಟರೆ ಪುಸ್ತಕಕ್ಕೂ ಮೂಟೆಗೂ ತಾಳೆಯಾಗುವುದಿಲ್ಲ. ಪುಸ್ತಕ ಹೆಚ್ಚು ತೋರಿಸಿದರೆ ಅರ್ಹರಿಗೆ ಜಾಗ ಸಿಗದು. ಕಡಿಮೆ ತೋರಿಸಿದರೆ ಒಬ್ಬರ ಪಾಲು ಮತ್ತೊಬ್ಬರ ಕೈಸೇರುತ್ತದೆ.

ಈ ವ್ಯತ್ಯಾಸವನ್ನು ಪತ್ತೆಹಚ್ಚಿ ಸರಿಪಡಿಸುವ ಆದೇಶವೇ ‘ಕೋಟಾಚೆಕ್’. ಇದು ಕಡತ ವ್ಯವಸ್ಥೆಯನ್ನು ಆದ್ಯಂತ ಶೋಧಿಸಿ, ಪ್ರತಿ ಕಡತದ ಒಡೆಯ ಯಾರು, ಅದು ಹಿಡಿದಿರುವ ಜಾಗ ಎಷ್ಟು ಎಂದು ಹೊಸದಾಗಿ ಎಣಿಸುತ್ತದೆ. ಪುಸ್ತಕದ ಅಂಕಿ ಬೇರೆಯಿದ್ದರೆ ತಿದ್ದುತ್ತದೆ. ನಿಗದಿಯಾದ ಮಿತಿಗಳನ್ನು ಮಾತ್ರ ಬದಲಿಸುವುದಿಲ್ಲ.

ಕ್ರಮ ಮುಖ್ಯ. ಯಂತ್ರ ಹಠಾತ್ತನೆ ನಿಂತಿದ್ದರೆ ಮೊದಲು ‘ಎಫ್‌ಎಸ್‌ಸಿಕೆ’ ನಡೆಸಿ ಕಡತ ವ್ಯವಸ್ಥೆಯನ್ನೇ ದುರಸ್ತಿಗೊಳಿಸಬೇಕು. ಬಳಿಕ ‘ಕೋಟಾಆಫ್’ ಮೂಲಕ ಕೋಟಾ ನಿಲ್ಲಿಸಿ, ‘ಕೋಟಾಚೆಕ್’ ನಡೆಸಿ, ‘ಕೋಟಾಆನ್’ ಮೂಲಕ ಮತ್ತೆ ಚಾಲನೆ ನೀಡಬೇಕು. ವ್ಯಾಪಾರ ನಡೆಯುತ್ತಿರುವಾಗಲೇ ಮೂಟೆ ಎಣಿಸಿದರೆ ಲೆಕ್ಕ ಕೂಡದು. ಆದ್ದರಿಂದಲೇ ಲಿನಕ್ಸಿನ ಕೋಟಾಚೆಕ್, ಎಣಿಕೆ ಮುಗಿಯುವವರೆಗೆ ಡಿಸ್ಕನ್ನು ‘ಓದಲು ಮಾತ್ರ’ ಸ್ಥಿತಿಗೆ ತರಲು ಯತ್ನಿಸುತ್ತದೆ. ಈ ರಕ್ಷಣೆಯನ್ನು ತಪ್ಪಿಸುವ ಆಯ್ಕೆಯೂ ಇದೆ. ಆದರೆ ಆ ಹೊತ್ತಿನಲ್ಲಿ ಯಾರಾದರೂ ಕಡತ ಬರೆದರೆ ಹೊಸ ಲೆಕ್ಕವೂ ತಪ್ಪಬಹುದು.

ದೂರುಗಳೆಲ್ಲ ಪುಸ್ತಕದ ತಪ್ಪಿನಿಂದಲೇ ಹುಟ್ಟುವುದಿಲ್ಲ. ‘ಡಿಯು’ ಆದೇಶ ತೋರಿಸಿದ ಕೋಶದ ಒಳಗಿರುವುದನ್ನಷ್ಟೇ ಕೂಡುತ್ತದೆ. ಕೋಟಾ ಮಾತ್ರ ಅದೇ ಕಡತ ವ್ಯವಸ್ಥೆಯಲ್ಲಿ ಆ ಬಳಕೆದಾರನ ಹೆಸರಿನಲ್ಲಿರುವ ಎಲ್ಲವನ್ನೂ ಎಣಿಸುತ್ತದೆ. ಅಳಿಸಿದ ಕಡತವನ್ನು ಯಾವುದಾದರೂ ತಂತ್ರಾಂಶ ಇನ್ನೂ ತೆರೆದಿಟ್ಟುಕೊಂಡಿದ್ದರೆ, ಅದನ್ನು ಮುಚ್ಚುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಇವನ್ನು ಪರಿಶೀಲಿಸಿದ ಮೇಲೆಯೇ ಮರುಎಣಿಕೆಗೆ ಕೈಹಾಕುವುದು ಲೇಸು.

ಹೊಸ ವ್ಯವಸ್ಥೆಗಳಲ್ಲಿ ಈ ತೊಂದರೆ ಕಡಿಮೆ. ಎಕ್ಸ್‌ಎಫ್‌ಎಸ್ ಕೋಟಾ ಲೆಕ್ಕವನ್ನು ತನ್ನದೇ ಅಂಗವಾಗಿ ಇಟ್ಟುಕೊಂಡು, ಅಗತ್ಯಬಿದ್ದರೆ ಮೌಂಟ್ ಆಗುವಾಗ ತಾನೇ ಎಣಿಸಿಕೊಳ್ಳುತ್ತದೆ. ಅದಕ್ಕೆ ಕೋಟಾಚೆಕ್ ಬೇಕಿಲ್ಲ. ಎಕ್ಸ್‌ಟಿ4ರಲ್ಲಿಯೂ ಲೆಕ್ಕವನ್ನು ಕಡತ ವ್ಯವಸ್ಥೆಯೊಳಗೇ ಅಡಗಿಸಿಡುವ ಸೌಲಭ್ಯವಿದೆ. ಆಗ ತಪಾಸಣೆಯ ಹೊಣೆ ಎಫ್‌ಎಸ್‌ಸಿಕೆಯದೇ.

ವಿದ್ಯಾರ್ಥಿನಿಯ ಸರ್ವರ್ ಹಳೆಯ ಬಗೆಯದಾಗಿದ್ದು, ತಪ್ಪು ಪುಸ್ತಕದ್ದೇ ಆಗಿದ್ದರೆ, ರಾತ್ರಿ ಬಳಕೆದಾರರಿಲ್ಲದ ವೇಳೆಯಲ್ಲಿ ನಡೆಸಿದ ಒಂದು ಮರುಎಣಿಕೆಯಿಂದ ಆಕೆಯ ಪಾಲಿನ ಜಾಗ ಆಕೆಗೆ ದೊರೆಯುತ್ತದೆ. ಅಲ್ಲಿಯವರೆಗೆ, ಜಾಗ ಮಾಡಿಕೊಳ್ಳುವ ಅವಸರದಲ್ಲಿ ಹಳೆಯ ಹಾಡೊಂದನ್ನು ಅಳಿಸದಿರುವುದು ಮುಖ್ಯ. ಲೆಕ್ಕವನ್ನು ಮತ್ತೆ ಎಣಿಸಬಹುದು. ಅಳಿಸಿಹೋದ ದನಿ ಮತ್ತೆ ಸಿಗದು.