ಇವತ್ತಿನ ರನ್ನು, ನಾಳೆಯ ಆಟಗಾರ

ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಭಾನುವಾರ ಬೆಳಿಗ್ಗೆ ಮೈದಾನದ ಕಡೆ ಹೋದರೆ, ಟೆನಿಸ್ ಬಾಲನ್ನು ಬೌಂಡರಿ ಆಚೆಗೆ ಎತ್ತಿ ಹಾಕುವ ಹುಡುಗ ಒಬ್ಬನಾದರೂ ಇರುತ್ತಾನೆ. ಸುತ್ತ ನಿಂತವರು "ಇವನು ರಣಜಿ ಆಡ್ತಾನೆ ನೋಡ್ತಿರಿ" ಅನ್ನುತ್ತಾರೆ. ಈ ಮಾತನ್ನು ನಂಬಿ ಅಕಾಡೆಮಿ ಶುಲ್ಕಕ್ಕೆ ಸಾಲ ಮಾಡುವ ಅಪ್ಪಂದಿರಿದ್ದಾರೆ. ನಂಬದೆ, ನಿಜಕ್ಕೂ ಕೈಚಳಕವಿರುವ ಹುಡುಗನನ್ನು ಮನೆಯಲ್ಲೇ ಕೂರಿಸುವವರೂ ಇದ್ದಾರೆ. ಆಯ್ಕೆಗಾರರು ಏನನ್ನು ನೋಡುತ್ತಾರೆ ಎಂಬುದು ಗೊತ್ತಿದ್ದರೆ ಎರಡು ತಪ್ಪನ್ನೂ ತಪ್ಪಿಸಬಹುದು.

ಮೊದಲು ಮೆಟ್ಟಿಲುಗಳು. ಬೆಂಗಳೂರಿನ ಹೊರಗಿನ ಕ್ರಿಕೆಟ್ಟನ್ನು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ವಲಯಗಳಾಗಿ ಹಂಚಿಕೊಂಡಿದೆ. ಕೋಲಾರ ಜಿಲ್ಲೆ ತುಮಕೂರು ವಲಯಕ್ಕೆ ಸೇರಿದ್ದು. ವಲಯದ ತಂಡದಲ್ಲಿ ಆಡಿ ಕಣ್ಣಿಗೆ ಬಿದ್ದವರು ರಾಜ್ಯ ತಂಡದ ಸಂಭಾವ್ಯರಾಗುತ್ತಾರೆ. ಅಲ್ಲಿಂದ 16ರೊಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ, 19ರೊಳಗಿನವರಿಗೆ ಕೂಚ್ ಬಿಹಾರ್, 23ರೊಳಗಿನವರಿಗೆ ಸಿ.ಕೆ. ನಾಯ್ಡು, ಕೊನೆಗೆ ರಣಜಿ. ಇನ್ನೊಂದು ದಾರಿ ಬೆಂಗಳೂರಿನ ಕ್ಲಬ್ ಲೀಗ್. ಮಾಲೂರಿನ ಹುಡುಗನಿಗೆ ರೈಲಿದೆ. ಶ್ರೀನಿವಾಸಪುರದವನಿಗೆ ಬಸ್ಸಿನಲ್ಲೇ ಅರ್ಧ ದಿನ ಕಳೆಯುತ್ತದೆ. ಮುಂದೆ ಭಾರತಕ್ಕೆ ಆಡಿದ ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ದಿನಾ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಗೆ ಗದಗಿಗೇ ವಾಪಸಾಗುತ್ತಿದ್ದರು. ಪ್ರತಿಭೆಯನ್ನು ಅಳೆಯುವಾಗ ಈ ಓಡಾಟದ ತಾಳ್ಮೆಯನ್ನೂ ಅಳೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಚ್ಚಿನವರು ಎಡವುವುದು ವಯಸ್ಸಿನ ಲೆಕ್ಕದಲ್ಲಿ. ವಯೋಮಿತಿಗೆ ಕ್ರಿಕೆಟ್ ಮಂಡಳಿ ಹಿಡಿಯುವ ದಿನ ಸೆಪ್ಟೆಂಬರ್ 1. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮರುವರ್ಷದ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡುತ್ತಾರೆ, ನಡುವೆ ಹತ್ತಿರ ಹತ್ತಿರ ಒಂದು ವರ್ಷದ ಅಂತರ. ಹದಿಮೂರರಲ್ಲಿ ಒಂದು ವರ್ಷ ಅಂದರೆ ಒಂದು ಗೇಣು ಎತ್ತರವೂ ಆಗಬಹುದು. ಬೇಗ ಮೀಸೆ ಮೂಡಿದವನು ವೇಗವಾಗಿ ಎಸೆಯುತ್ತಾನೆ, ದೂರ ಹೊಡೆಯುತ್ತಾನೆ. ಹದಿನೆಂಟಕ್ಕೆ ಉಳಿದವರೂ ಅವನಷ್ಟೇ ಬೆಳೆದಾಗ ಆ ಮೇಲುಗೈ ಕರಗಿ, ಅವನು ಕಲಿತ ಆಟವಷ್ಟೇ ಉಳಿಯುತ್ತದೆ. 16ರೊಳಗಿನವರಿಗೆ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವುದೂ ಇದೇ ಕಾರಣಕ್ಕೆ. ಮಗನ ಹುಟ್ಟಿದ ತಾರೀಖನ್ನು ತಿದ್ದಿಸುವವರು ಅವನಿಗೆ ಮಾಡುವುದು ಅನ್ಯಾಯ: ಸಿಕ್ಕಿಬಿದ್ದರೆ ನಿಷೇಧ, ಸಿಕ್ಕದಿದ್ದರೆ ಚಿಕ್ಕವರೆದುರು ಆಡಿ ಪಡೆದ ಸುಳ್ಳು ಭರವಸೆ.

ಎರಡನೆಯದು, ರನ್ನು ಯಾರ ಎದುರು ಬಂತು? 2016ರ ಜನವರಿಯಲ್ಲಿ ಕಲ್ಯಾಣದ ಪ್ರಣವ್ ಧನವಾಡೆ ಶಾಲಾ ಪಂದ್ಯವೊಂದರಲ್ಲಿ ಔಟಾಗದೆ 1009 ರನ್ ಹೊಡೆದ. ದೇಶವೇ ತಿರುಗಿ ನೋಡಿತು. ಆದರೆ ಎದುರು ತಂಡ ಬಲಹೀನ, ಮೈದಾನ ಚಿಕ್ಕದು. ಮೇಲಿನ ಮೆಟ್ಟಿಲಿನಲ್ಲಿ ಆ ಅಂಕಿ ಅವನ ಕೈ ಹಿಡಿಯಲಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ನಡೆದ ಕೂಚ್ ಬಿಹಾರ್ ಫೈನಲ್ಲಿನಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ಎದುರು ಔಟಾಗದೆ 404 ಹೊಡೆದಿದ್ದು ಬೇರೆಯೇ ತೂಕದ್ದು. ಅದು 638 ಎಸೆತ ನಿಂತು ಆಡಿದ ಆಟ. ಮ್ಯಾಟ್ ಮೇಲೆ ಬಂದ ನೂರು, ಟರ್ಫ್ ಮೇಲೆ ಹೊಸ ಲೆದರ್ ಬಾಲಿನೆದುರು ಬಂದ ನಲವತ್ತು, ಇವೆರಡರಲ್ಲಿ ಅನುಭವಿ ಆಯ್ಕೆಗಾರ ನಲವತ್ತರ ಪಕ್ಕ ಗುರುತು ಹಾಕುತ್ತಾನೆ.

ಅಮೆರಿಕದ ಬೇಸ್‌ಬಾಲಿನವರು ಈ ಕೆಲಸಕ್ಕೆ ಒಳ್ಳೆಯ ಅಭ್ಯಾಸವೊಂದನ್ನು ಇಟ್ಟುಕೊಂಡಿದ್ದಾರೆ. ಅಲ್ಲಿ ಕೆಳಹಂತದ ಲೀಗುಗಳಲ್ಲಿ ಹುಡುಗರು ವರ್ಷಗಟ್ಟಲೆ ಪಳಗುತ್ತಾರೆ. ಅವರನ್ನು ನೋಡಲು ಬರುವವರು ಹೊಡೆತ, ಬಲ, ಓಟ, ಫೀಲ್ಡಿಂಗ್, ಎಸೆತ ಒಂದೊಂದಕ್ಕೂ 20ರಿಂದ 80ರವರೆಗೆ ಅಂಕ ಹಾಕುತ್ತಾರೆ. 50 ಅಂದರೆ ಅತ್ಯುನ್ನತ ಲೀಗಿನ ಸರಾಸರಿ. ಒಂದೊಂದು ಗುಣಕ್ಕೂ ಎರಡು ಅಂಕ: ಇವತ್ತಿಗೆ ಎಷ್ಟು, ಬೆಳೆದ ಮೇಲೆ ಎಷ್ಟಾಗಬಹುದು. ನಮ್ಮ ಹುಡುಗರಿಗೂ ಈ ಎರಡನೇ ಅಂಕ ಬೇಕು. ವೇಗದ ಬೌಲರ್ ಅಭಿಮನ್ಯು ಮಿಥುನ್ ಹದಿನೇಳರವರೆಗೆ ಡಿಸ್ಕಸ್ ಎಸೆಯುತ್ತಿದ್ದ ಹುಡುಗ. ಆಗ ಅವರ ಕ್ರಿಕೆಟ್ಟಿಗೆ ಇವತ್ತಿನ ಅಂಕ ಸೊನ್ನೆ, ಆದರೆ ಭುಜದ ಬಲಕ್ಕೆ ನಾಳೆಯ ಅಂಕ ದೊಡ್ಡದು. 2009ರಲ್ಲಿ ರಣಜಿಗೆ ಬಂದು, 2010ರಲ್ಲಿ ಟೆಸ್ಟ್ ಆಡಿದರು.

ಹಾಗಾದರೆ ಟ್ರಯಲ್ಸ್‌ನಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಕಣ್ಣು ಎಲ್ಲಿರುತ್ತದೆ? ಬ್ಯಾಟ್ಸ್‌ಮನ್ನಿನ ತಲೆ ಅಲುಗುತ್ತದೆಯೋ ಇಲ್ಲವೋ, ಚೆಂಡನ್ನು ಎಷ್ಟು ಹೊತ್ತು ಕಾಯುತ್ತಾನೆ, ಬೀಟ್ ಆದ ಮರು ಎಸೆತಕ್ಕೆ ಏನು ಮಾಡುತ್ತಾನೆ. ಬೌಲರಾದರೆ ಮಣಿಕಟ್ಟು, ಓಟದ ಲಯ, ದಣಿದ ಮೇಲಿನ ವೇಗ. ಸಿಕ್ಸರಿಗೆ ಅಷ್ಟು ಬೆಲೆಯಿಲ್ಲ.

ಇಷ್ಟೆಲ್ಲ ನೋಡಿಯೂ ಲೆಕ್ಕ ತಪ್ಪುತ್ತದೆ. 2008ರ 19ರೊಳಗಿನವರ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ರನ್ ಗಳಿಸಿದವರು ತನ್ಮಯ್ ಶ್ರೀವಾಸ್ತವ, 262. ನಾಯಕ ವಿರಾಟ್ ಕೊಹ್ಲಿ 235. ತನ್ಮಯ್ ಭಾರತದ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಇತ್ತ ಭದ್ರಾವತಿಯ ಕುಳ್ಳ ಹುಡುಗ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಡಿದ ತನ್ನ ಮೊದಲ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಶ್ರೀನಿವಾಸಪುರದಲ್ಲಿ ಹೂವು ನೋಡಿಯೇ ಮಾವಿನ ತೋಟ ಗುತ್ತಿಗೆ ಹಿಡಿಯುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಅವರು ಒಂದೇ ತೋಟದ ಮೇಲೆ ಎಲ್ಲ ಹಣ ಹಾಕುವುದಿಲ್ಲ.

ಮಗಳು ಆಡುತ್ತಿದ್ದರೂ ಲೆಕ್ಕ ಇದೇ. ಕಡೂರಿನ ವೇದಾ ಕೃಷ್ಣಮೂರ್ತಿ 18ನೇ ವಯಸ್ಸಿಗೆ ಭಾರತ ತಂಡದಲ್ಲಿದ್ದರು.

ಒಂದು ನೋಟ್ ಬುಕ್ ಇಡಿ. ಪ್ರತಿ ಪಂದ್ಯಕ್ಕೂ ಎದುರು ತಂಡ, ಅವರ ವಯಸ್ಸು, ಪಿಚ್ಚು, ಚೆಂಡು, ಔಟಾದ ರೀತಿ ಬರೆಯಿರಿ, ರನ್ನು ಕೊನೆಗೆ. ಎರಡು ಸೀಸನ್ ಕಳೆದ ಮೇಲೆ ಅದನ್ನು ನಿಮ್ಮ ಕೋಚ್ ಮುಂದಿಟ್ಟು ಮಾತಾಡಿ. ಅಲ್ಲಿಯವರೆಗೆ ಶಾಲೆ ಬಿಡಿಸಬೇಡಿ, ಸಾಲ ಮಾಡಬೇಡಿ.